ಚಿತ್ರದಲ್ಲಿಲ್ಲದ ಗೆರೆ

ನೀಲಗುಂದ
6 ನವೆಂಬರ್ 2024, ಬುಧವಾರ

ದೀಪಾವಳಿ ಗದ್ದಲ ಇಳಿದು ಮಕ್ಕಳು ಮತ್ತೆ ಸಂಜೆ ಪಾಠಕ್ಕೆ ಬರತೊಡಗಿದ್ದಾರೆ. ಅಂಗಳದ ತುಂಬ ಮೆಕ್ಕೆಜೋಳ ಹರಡಿದೆ, ಹಾಗಾಗಿ ಚಾಪೆ ಕಟ್ಟೆಯ ಮೇಲೆ. ಅಕ್ಕನ ಮಗಳು ಏಳನೆಯ ತರಗತಿ. ಈಗ ತ್ರಿಭುಜದ ಪಾಠ ನಡೆದಿದೆ. ಹೋಂವರ್ಕಿನ ಲೆಕ್ಕಗಳೆಲ್ಲ ಒಂದೇ ಬಗೆಯವು. ಎರಡು ಕೋನ ಕೊಟ್ಟಿರುತ್ತದೆ, ಮೂರನೆಯ ಮೂಲೆಯಲ್ಲಿ ಎಕ್ಸ್. ಅವಳು ಒಂದೇ ಉಸಿರಿಗೆ ಮುಗಿಸಿದಳು. 50, 60 ಕೂಡಿದರೆ 110, ನೂರಾ ಎಂಬತ್ತರಲ್ಲಿ ಕಳೆದರೆ 70. ಉತ್ತರ ಎಲ್ಲ ಸರಿ.

"ನೂರಾ ಎಂಬತ್ತು ಯಾಕೆ?" ಅಂದೆ.

"ಅದು ಸೂತ್ರ ಐತಲ್ಲ ಚಿಗವ್ವ."

ಪಕ್ಕದ ಮನೆ ಹುಡುಗ ಬೇರೆ ದಾರಿ ಹಿಡಿದಿದ್ದ. ಹೊರಕೋನ 110, ಅದರ ಎದುರಿನ ಒಂದು ಒಳಕೋನ 45, ಇನ್ನೊಂದು ಎಷ್ಟು ಎಂಬ ಲೆಕ್ಕಕ್ಕೆ 62 ಎಂದು ಬರೆದಿದ್ದ. ಎಲ್ಲಿಂದ ಬಂತು ಎಂದರೆ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದು, ಪುಸ್ತಕದ ಚಿತ್ರದ ಮೇಲಿಟ್ಟು ತೋರಿಸಿದ. "ಅಳದೇ ಬರದೀನಿ ಅಕ್ಕ." ನಿಜ, ಚಿತ್ರದಲ್ಲಿ 62 ಇತ್ತು. ಉತ್ತರ 65. ಹೊರಕೋನ ತನ್ನ ಎದುರಿನ ಎರಡು ಒಳಕೋನಗಳ ಮೊತ್ತಕ್ಕೆ ಸಮ. ಅಚ್ಚಿನ ಚಿತ್ರ ಯಾವ ಕೋನ ಎಲ್ಲಿದೆ ಎಂದು ತೋರಿಸಲಿಕ್ಕೆ ಇರುವುದೇ ಹೊರತು ಎಷ್ಟಿದೆ ಎಂದು ಹೇಳಲಿಕ್ಕಲ್ಲ ಎಂದು ಅವನಿಗೆ ತಿಳಿಸಿದೆ. ಆದರೂ ನನಗೆ ಅವನ ತಪ್ಪೇ ಹೆಚ್ಚು ಇಷ್ಟವಾಯಿತು. ಅವನು ತ್ರಿಭುಜವನ್ನು ನೋಡಿದ್ದಾನೆ. ಅವಳು ನೋಡಿದ್ದು ಎರಡು ಅಂಕಿಗಳನ್ನು ಮಾತ್ರ.

8 ನವೆಂಬರ್, ಶುಕ್ರವಾರ

ಇಂದು ಲೆಕ್ಕ ಬೇಡ ಎಂದೆ. ಹಳೆ ಕ್ಯಾಲೆಂಡರಿನ ಹಾಳೆ ಹಂಚಿ, ಒಬ್ಬೊಬ್ಬರೂ ತಮಗೆ ಬೇಕಾದ ತ್ರಿಭುಜ ಕತ್ತರಿಸಿಕೊಳ್ಳಿ, ಯಾರದ್ದೂ ಇನ್ನೊಬ್ಬರದ್ದರ ಹಾಗೆ ಇರಬಾರದು ಎಂದೆ. ಉದ್ದನೆಯದು, ಕುಳ್ಳನೆಯದು, ಕುಡುಗೋಲಿನಂತೆ ಚೂಪಾದದ್ದು ಎಲ್ಲ ಬಂದವು. ಮೂರು ಮೂಲೆ ಹರಿದು, ಮೂರರ ತುದಿಯನ್ನೂ ಒಂದೇ ಚುಕ್ಕೆಗೆ ಕೂಡಿಸಿದರೆ ಕೆಳಗೆ ನೇರ ಗೆರೆ. ಎಲ್ಲರದ್ದೂ ಹಾಗೇ. ಕಟ್ಟೆಯ ತುಂಬ ಕೂಗಾಟ.

ಇಷ್ಟಕ್ಕೇ ನಿಲ್ಲಿಸಿದರೆ ಪಾಠ ಅರ್ಧ. ಪಕ್ಕದ ಮನೆ ಹುಡುಗನೇ ಕೇಳಿದ: "ನಾಳೆ ಇನ್ನೊಂದು ಕತ್ತರಿಸಿದ್ರೆ ಹಿಂಗೇ ಬರತೈತಂತ ಹೆಂಗ ಹೇಳ್ತೀರಿ?" ಅವನು ಕೇಳಿದ್ದೇ ಗಣಿತ. ಹತ್ತು ಹಾಳೆಯಲ್ಲಿ ಬಂದದ್ದು ಹನ್ನೊಂದನೆಯದರಲ್ಲಿ ಬರಬೇಕೆಂದಿಲ್ಲ. ಕಾಗದ ಸವೆದಿರಬಹುದು, ನಮ್ಮ ಕಣ್ಣು ಒಂದೆರಡು ಡಿಗ್ರಿ ಬಿಟ್ಟಿರಬಹುದು. ಎಲ್ಲ ತ್ರಿಭುಜಕ್ಕೂ ಸೇರಿ ಒಂದೇ ಮಾತು ಹೇಳಬೇಕಾದರೆ ಕತ್ತರಿ ಸಾಲದು.

ಹಲಗೆಯ ಮೇಲೆ ನಾವು ಹೈಸ್ಕೂಲಿನಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದೆ. ದತ್ತ: ಅಬಕ ಒಂದು ತ್ರಿಭುಜ. ಸಾಧನೀಯ: ಮೂರು ಒಳಕೋನಗಳ ಮೊತ್ತ 180 ಡಿಗ್ರಿ. ರಚನೆ: ಅ ಶೃಂಗದ ಮೂಲಕ ಬಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ. ಸಾಧನೆ ಎಂದು ಬರೆಯುವ ಹೊತ್ತಿಗೆ ಕೆಲಸ ಮುಗಿದೇಹೋಗಿತ್ತು. ಬ ಮೂಲೆಯ ಕೋನ ಪರ್ಯಾಯ ಕೋನವಾಗಿ ಮೇಲಿನ ಗೆರೆಯ ಎಡಕ್ಕೆ ಕೂತಿತು, ಕ ಮೂಲೆಯದು ಬಲಕ್ಕೆ, ನಡುವೆ ಅ ಮೊದಲೇ ಇತ್ತು. ಮೂರೂ ಒಂದೇ ಸರಳರೇಖೆಯ ಮೇಲೆ. ಹರಿದು ಕೂಡಿಸಿದ ಮೂಲೆಗಳನ್ನು ಈಗ ಹರಿಯದೆಯೇ ಕೂಡಿಸಿದ್ದೆವು.

ಈ ಗೆರೆ ಎಳೆದವರು ಪೈಥಾಗೊರಸನ ಅನುಯಾಯಿಗಳು ಎಂದು ಯೂಡೆಮಸ್ ಹೇಳಿದ್ದನ್ನು ಪ್ರೋಕ್ಲಸ್ ದಾಖಲಿಸಿದ್ದಾನೆ. ಯೂಕ್ಲಿಡ್ ತನ್ನ ಮೊದಲ ಪುಸ್ತಕದ 32ನೆಯ ಪ್ರಮೇಯದಲ್ಲಿ ಪಾದವನ್ನು ಮುಂದಕ್ಕೆ ಚಾಚಿ, ಆ ಮೂಲೆಯಿಂದ ಎದುರಿನ ಭುಜಕ್ಕೆ ಸಮಾಂತರ ಎಳೆಯುತ್ತಾನೆ. ಹಾಗೆ ಎಳೆದರೆ ಹೊರಕೋನದ ನಿಯಮವೂ 180ರ ನಿಯಮವೂ ಒಟ್ಟಿಗೇ ಸಿಗುತ್ತವೆ. ಎರಡರಲ್ಲೂ ಕೊಟ್ಟ ಚಿತ್ರದಲ್ಲಿ ಇಲ್ಲದ ಒಂದು ಗೆರೆ ಬೇಕು. ದತ್ತವನ್ನು ಬೇರೆಯವರು ಕೊಡುತ್ತಾರೆ, ಸಾಧನೀಯವನ್ನೂ ಅವರೇ ಕೇಳುತ್ತಾರೆ. ರಚನೆ ಮಾತ್ರ ನಮ್ಮದು. ಮಕ್ಕಳಿಗೆ ನಾನು ಕೊಡಬೇಕಾದದ್ದು ಆ ಒಂದು ಸಾಲಿನ ಧೈರ್ಯ ಎಂದು ಇಂದು ಗಟ್ಟಿಯಾಯಿತು.

11 ನವೆಂಬರ್, ಸೋಮವಾರ

ಒಬ್ಬಳು ಅಣ್ಣನ ಮೊಬೈಲಿನಲ್ಲಿ ಲೆಕ್ಕದ ಫೋಟೊ ತೆಗೆದು ಉತ್ತರ ತಂದಿದ್ದಳು. ಬೈಯಲಿಲ್ಲ. ಒಂದು ಲೆಕ್ಕ ಕೊಟ್ಟೆ: ಸಮದ್ವಿಬಾಹು ತ್ರಿಭುಜದ ಒಂದು ಕೋನ 40 ಡಿಗ್ರಿ, ಉಳಿದೆರಡು ಹೇಳು. ಬಹಳ ಮಂದಿ 70, 70 ಅಂದರು. ಅಕ್ಕನ ಮಗಳು ಸುಮ್ಮನೆ ಕೂತು ಎರಡು ಚಿತ್ರ ಬರೆದಳು. ಒಂದರಲ್ಲಿ ನಲವತ್ತು ತುದಿಗೆ, ಇನ್ನೊಂದರಲ್ಲಿ ಪಾದದ ಮೂಲೆಗೆ. ಎರಡನೆಯದರಲ್ಲಿ ಪಾದದ ಇನ್ನೊಂದು ಮೂಲೆಯೂ 40 ಆಗಿ ತುದಿ 100. ಎರಡೂ ಸರಿ.

"ಒಂದೇ ಲೆಕ್ಕಕ್ಕೆ ಎರಡು ಉತ್ತರ ಇರಬೋದಾ?" ಎಂದು ಮೊಬೈಲಿನ ಹುಡುಗಿ ಕೇಳಿದಳು. ಇರಬಹುದು. ಕೇಳಿದವರು ನಲವತ್ತು ಎಲ್ಲಿದೆ ಎಂದು ಹೇಳದಿದ್ದರೆ, ಎರಡನ್ನೂ ಹೇಳುವುದೇ ಪೂರ್ತಿ ಉತ್ತರ. ಕೊಟ್ಟದ್ದು ನಲವತ್ತರ ಬದಲು ನೂರು ಆಗಿದ್ದರೆ ಒಂದೇ ಉತ್ತರ, ಯಾಕೆಂದರೆ ಎರಡು ನೂರುಗಳೇ 180 ದಾಟುತ್ತವೆ. ಇದನ್ನು ಅವಳೇ ಕಂಡುಹಿಡಿದಳು, ಮೊಬೈಲು ಕಟ್ಟೆಯ ಮೇಲೇ ಇತ್ತು.

ಸಮ, ದ್ವಿಸಮ, ವಿಷಮ ಎಂದು ತ್ರಿಭುಜಗಳನ್ನು ವಿಂಗಡಿಸಿ ಲೆಕ್ಕ ಹೇಳಿದವರಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯನೂ ಒಬ್ಬ. ರಾಷ್ಟ್ರಕೂಟ ಅಮೋಘವರ್ಷನ ಕಾಲ, ಸುಮಾರು 850ರ ಹೊತ್ತು, ಗ್ರಂಥ 'ಗಣಿತಸಾರಸಂಗ್ರಹ'. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ಕ್ಷೇತ್ರಗಣಿತ' ಬರೆದ. ಎಂಟುನೂರು ವರ್ಷಕ್ಕೂ ಹಿಂದೆ ಕನ್ನಡದಲ್ಲಿ ರೇಖಾಗಣಿತ ಹೇಳಿಕೊಟ್ಟವರಿದ್ದರು ಎಂಬುದು ಕನ್ನಡ ಮಾಧ್ಯಮದ ಈ ಮಕ್ಕಳಿಗೆ ಗೊತ್ತಾಗಬೇಕು. ಇವತ್ತು ಹೇಳಿದೆ.

13 ನವೆಂಬರ್, ಬುಧವಾರ

ಎದುರಿನ ಬಯಲಲ್ಲಿ ಮನೆ ಪಾಯಕ್ಕೆ ಗುರುತು ಹಾಕುತ್ತಿದ್ದರು. ಗೌಂಡಿ ಕಾಕಾ ಮೂಲೆಯಲ್ಲಿ ಗೂಟ ಹೊಡೆದು, ದಾರದ ಮೇಲೆ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಅವೆರಡರ ನಡುವೆ ಐದು ಅಡಿ ಬರುವ ತನಕ ದಾರ ಸರಿಸಿದರು. ಐದು ಬಂದರೆ ಮೂಲೆ ಲಂಬಕೋನ. ಮಕ್ಕಳನ್ನು ಕರೆದು ತೋರಿಸಿದೆ.

ಉಳಿದೆರಡು ಕೋನ ಎಷ್ಟು ಎಂದು ಕೇಳಿದಾಗ ಎಲ್ಲರೂ 30, 60 ಅಂದರು, ಪುಸ್ತಕದಲ್ಲಿ ಹಾಗೇ ಇರುತ್ತದಲ್ಲ. ನೋಟಿನಲ್ಲಿ ಮೂರು, ನಾಲ್ಕು, ಐದು ಸೆಂಟಿಮೀಟರಿನ ತ್ರಿಭುಜ ಕೈವಾರದಿಂದ ರಚಿಸಿ ಅಳೆಸಿದೆ. ಸುಮಾರು 37, 53. ಇನ್ನೂ ನಿಖರವಾಗಿ 36.87 ಮತ್ತು 53.13. ಕೂಡಿದರೆ 90. ಕೋನಗಳು ದುಂಡು ಅಂಕಿಯಲ್ಲಿ ಬರುವುದು ಹೋಂವರ್ಕಿನವರ ದಯೆ, ಪಾಯದ ದಾರಕ್ಕೆ ಆ ಹಂಗಿಲ್ಲ. ಆದರೆ ಮೊತ್ತ ಅಲ್ಲೂ ತಪ್ಪುವುದಿಲ್ಲ.

14 ನವೆಂಬರ್, ಗುರುವಾರ

ಮಕ್ಕಳ ದಿನ. ಅಕ್ಕನ ಮಗಳ ಪ್ರಶ್ನೆ: "ಮೊತ್ತ ಎಲ್ಲಾ ಕಡೆನೂ ಅಷ್ಟೇನಾ?" ರಬ್ಬರ್ ಚೆಂಡು ತರಿಸಿದೆ. ಮೇಲಿನ ತುದಿಯಿಂದ ನಡುಪಟ್ಟಿಗೆ ಎರಡು ಗೆರೆ, ಅವೆರಡರ ನಡುವೆ ಲಂಬಕೋನ. ಪಟ್ಟಿಯ ಮೇಲೂ ಎರಡು ಲಂಬಕೋನ. ಒಟ್ಟು 270! ಚಪ್ಪಟೆ ಹಾಳೆ ಬಿಟ್ಟು ಗುಂಡಗಿನದರ ಮೇಲೆ ಬಂದರೆ ಮೊತ್ತ 180ಕ್ಕಿಂತ ಹೆಚ್ಚು. ಅ ಶೃಂಗದಲ್ಲಿ ಎಳೆದ ಆ ಸಮಾಂತರ ಗೆರೆಯನ್ನು ಚೆಂಡಿನ ಮೇಲೆ ಎಳೆಯಲಾಗದು, ಅದೇ ಕಾರಣ.

ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರವೂ 1802ರಲ್ಲಿ ಮದ್ರಾಸಿನ ಹತ್ತಿರವೂ ಆಧಾರರೇಖೆ ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜ ಹೆಣೆಯುತ್ತ ಹೋದವನು. ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಹೊರಿಸಿಕೊಂಡು ಹೋಗಿ ಕೋನ ಅಳೆದವರಿಗೆ ಈ ಹೆಚ್ಚಳವನ್ನು ಲೆಕ್ಕಕ್ಕೆ ಹಿಡಿಯಲೇಬೇಕಿತ್ತು. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡ್, ಅಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು. ನಮ್ಮ ಹೊಲಕ್ಕೂ ಎದುರಿನ ಪಾಯಕ್ಕೂ 180 ಧಾರಾಳ ಸಾಕು.

18 ನವೆಂಬರ್, ಸೋಮವಾರ

ಕನಕ ಜಯಂತಿಯ ರಜೆ. ಅಣ್ಣನ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹಡಗಲಿ ಮೇಲೆ ತುಂಗಭದ್ರೆ ದಾಟಿ, ಮುಂಡರಗಿ ಹಾದು ದಂಬಳಕ್ಕೆ ಹೋಗಿ ಬಂದೆವು. ನಮ್ಮೂರ ಭೀಮೇಶ್ವರ ಗುಡಿಯೂ ಕಲ್ಯಾಣ ಚಾಲುಕ್ಯರ ಕಾಲದ್ದೇ, ಆದರೆ ದಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಗೋಡೆ ನಕ್ಷತ್ರ. 24 ಮೂಲೆ, ಪ್ರತಿ ಮೂಲೆಯೂ ಲಂಬಕೋನ. ಒಂದೇ ನಡುಬಿಂದುವಿನ ಸುತ್ತ ಆರು ಚೌಕಗಳನ್ನು 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಬರುವ ಆಕಾರ.

ಗುಡಿ ಸುತ್ತಿ ಬಂದು ನೆರಳಲ್ಲಿ ಕೂತು ನೋಟು ತೆಗೆಸಿದೆ. ಹೊರಮೂಲೆ 90, ಅದು ಗೊತ್ತು. ಎರಡು ಮೂಲೆಗಳ ನಡುವಿನ ಸಂದಿನ ಕೋನ ಎಷ್ಟು? ಹುಡುಗ ಕೋನಮಾಪಕವನ್ನು ಗೋಡೆಗೆ ಹಿಡಿಯಲು ಎದ್ದ. ಅಕ್ಕನ ಮಗಳು ಮಾತ್ರ ನಡುಬಿಂದುವಿನಿಂದ ಪಕ್ಕಪಕ್ಕದ ಎರಡು ಮೂಲೆಗೆ ಗೆರೆ ಎಳೆದಳು. ಆ ಗೆರೆಗಳು ಗೋಡೆಯ ಮೇಲೆಲ್ಲೂ ಇಲ್ಲ, ಗರ್ಭಗೃಹದ ಒಳಗಿಂದ ಕಲ್ಲನ್ನು ಹಾದು ಬರಬೇಕು. ನಾನು ಬಾಯಿ ಬಿಡಲಿಲ್ಲ. ಎರಡು ಮೂಲೆಗಳನ್ನೂ ಕೂಡಿಸಿದಳು. ಸಮದ್ವಿಬಾಹು ತ್ರಿಭುಜ, ತುದಿ 15, ಹಾಗಾದರೆ ಪಾದದ ಕೋನ 82.5. ನಡುವಿನಿಂದ ಬಂದ ಗೆರೆ ಲಂಬಕೋನದ ಮೂಲೆಯನ್ನು ಅರ್ಧ ಮಾಡುತ್ತದೆ, ಅದು 45. ಕಳೆದರೆ 37.5. ಸಂದಿನಲ್ಲಿ ಉಳಿದ ಪುಟ್ಟ ತ್ರಿಭುಜಕ್ಕೆ 37.5 ಎರಡು ಸಲ, ಮೂರನೆಯದು 105.

"ನೂರಾ ಐದು ಚಿಗವ್ವ. ಎಲ್ಲಾ ಸಂದಿನಾಗೂ."

ಎಲ್ಲ ಸಂದಿನಲ್ಲೂ, ಹೌದು. ಆ ರೂವಾರಿಗಳು ಡಿಗ್ರಿಯಲ್ಲಿ ಯೋಚಿಸಬೇಕಾಗಿರಲಿಲ್ಲ, ಅವರಿಗೆ ವೃತ್ತವೂ ಚೌಕವೂ ದಾರವೂ ಸಾಕು. ಆದರೆ ನಡುಬಿಂದು ಹಿಡಿಯದೆ ಒಂದು ಮೂಲೆಯನ್ನೂ ಅವರು ಕೂರಿಸಲಾರರು. ಹನ್ನೆರಡನೆಯ ಶತಮಾನದ ಕಲ್ಲಿನಲ್ಲಿ ಏಳನೆಯ ತರಗತಿಯ ಲೆಕ್ಕ ಸಿಕ್ಕಿದ ಸಂತೋಷ ನನಗೆ ಈ ವರ್ಷದ ದೊಡ್ಡದು.

21 ನವೆಂಬರ್, ಗುರುವಾರ

ಮಕ್ಕಳು ಹೋದ ಮೇಲೆ ನನ್ನದೇ ಒಂದು ಹೋಂವರ್ಕ್. 1922ರಲ್ಲಿ ಎಡ್ವರ್ಡ್ ಲ್ಯಾಂಗ್ಲಿ ಇಂಗ್ಲೆಂಡಿನ 'ಮ್ಯಾಥಮೆಟಿಕಲ್ ಗೆಜೆಟ್' ಪತ್ರಿಕೆಯಲ್ಲಿ ಕೊಟ್ಟ ಲೆಕ್ಕ. ಅಬಕ ಸಮದ್ವಿಬಾಹು, ಅ 20, ಬ ಮತ್ತು ಕ 80. ಬ ಮೂಲೆಯಿಂದ ಪಾದಕ್ಕೆ 60 ಡಿಗ್ರಿಯಲ್ಲಿ ಗೆರೆ, ಎದುರಿನ ಭುಜಕ್ಕೆ ಚ ದಲ್ಲಿ ತಾಗುತ್ತದೆ. ಕ ಮೂಲೆಯಿಂದ 50 ಡಿಗ್ರಿಯಲ್ಲಿ ಇನ್ನೊಂದು, ಟ ದಲ್ಲಿ. ಬಚಟ ಕೋನ ಎಷ್ಟು? ಅಂಕಿಗಳೆಲ್ಲ ಮಕ್ಕಳವು. ಆದರೆ 180ರಲ್ಲಿ ಕಳೆಯುತ್ತ ಎಷ್ಟು ಸುತ್ತಿದರೂ ಬೇಕಾದ ಕೋನ ಮತ್ತು ಅದರ ಪಕ್ಕದ್ದು ಎರಡರ ಮೊತ್ತ ಸಿಗುತ್ತದೆ, ಬಿಡಿಯಾಗಿ ಒಂದೂ ಸಿಗುವುದಿಲ್ಲ. ಬರೆಯುವ ಸಮೀಕರಣವೆಲ್ಲ ನಿಜ, ಒಂದೂ ಮುಂದಕ್ಕೆ ಒಯ್ಯುವುದಿಲ್ಲ.

ಬಿಡಿಸುವುದು ಒಂದು ಗೆರೆ. ಬ ದಿಂದ ಪಾದಕ್ಕೆ 20 ಡಿಗ್ರಿಯಲ್ಲಿ ಎಳೆದು, ಅಕ ಭುಜಕ್ಕೆ ತಾಗಿದಲ್ಲಿ ಪ ಎನ್ನಬೇಕು. ಆಗ ಬಪಕ ಕೋನ 80, ಹಾಗಾಗಿ ಬಪ, ಬಕ ಸಮ. ಬಟಕ ಕೋನ 50, ಹಾಗಾಗಿ ಬಟ, ಬಕ ಸಮ. ಬಪ, ಬಟ ನಡುವೆ 60, ಅಂದರೆ ಬಪಟ ಸಮಬಾಹು ತ್ರಿಭುಜ. ಇತ್ತ ಪಬಚ, ಬಚಪ ಎರಡೂ 40, ಹಾಗಾಗಿ ಪಚ ಕೂಡ ಅಷ್ಟೇ ಉದ್ದ. ಪಟ, ಪಚ ಸಮವಾದವು, ನಡುವಿನ ಕೋನ 180ರಲ್ಲಿ 80, 60 ಹೋಗಿ 40. ಪಚಟ 70. ಅದರಲ್ಲಿ ಬಚಪ 40 ಕಳೆದರೆ 30. ಬಚಟ ಕೋನ 30 ಡಿಗ್ರಿ.

ಹತ್ತನೆಯ ತರಗತಿ ಕೂಡ ಬೇಡ, 180 ಮತ್ತು ಸಮದ್ವಿಬಾಹು ಎರಡೇ ಸಾಕು. ಬೇಕಾದದ್ದು ಆ ಗೆರೆ.

23 ನವೆಂಬರ್, ಶನಿವಾರ

ಕಿರುಪರೀಕ್ಷೆಯ ಹಾಳೆ ಬಂತು. ಅಕ್ಕನ ಮಗಳು ಉತ್ತರದ ಪಕ್ಕ ಕಾರಣ ಬರೆದದ್ದಕ್ಕೆ ಹೊತ್ತು ಹಿಡಿದು ಕೊನೆಯ ಲೆಕ್ಕ ಉಳಿದಿತ್ತು. ಅಕ್ಕ ಬೇಸರ ಮಾಡಿಕೊಂಡಳು. "ಉತ್ರ ಅಷ್ಟೇ ಬರದ್ರೆ ಪೂರಾ ಮಾರ್ಕ್ಸ್ ಬರ್ತಿದ್ವು, ನೀನು ಸುಮ್ನೆ ಆಕಿ ತಲಿ ಕೆಡಸ್ತಿ." ನಾನು ಹಾಳೆ ತಿರುಗಿಸಿ ಅವಳಿಗೆ ಓದಿ ಹೇಳಿದೆ: ಸಮಾಂತರ ರೇಖೆಗಳು, ಪರ್ಯಾಯ ಕೋನಗಳು, ಸರಳಕೋನ. ಕೊನೆಯ ಲೆಕ್ಕವನ್ನು ಮಗಳು ಮನೆಯಲ್ಲಿ ಕೂತು ಮುಗಿಸಿದ್ದಾಳೆ. ವೇಗ ಇನ್ನೊಂದು ತಿಂಗಳಲ್ಲಿ ತಾನಾಗಿ ಬರುತ್ತದೆ. ಕಾರಣ ಬರೆಯುವ ರೂಢಿ ಈ ವಯಸ್ಸಿನಲ್ಲಿ ಬಿಟ್ಟರೆ ಹತ್ತನೆಯ ತರಗತಿಯ ಪ್ರಮೇಯಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಬೇಕಾಗುತ್ತದೆ. ನಮ್ಮ ಓರಗೆಯವರು ಎಷ್ಟೋ ಮಂದಿ ಹಾಗೆ ಮಾಡಿಯೇ ಗಣಿತ ಬಿಟ್ಟರು.

ಸೋಮವಾರದಿಂದ ಪಾಠಕ್ಕೆ ಬರುವ ಎಲ್ಲರೂ ನೋಟಿನ ಪುಟವನ್ನು ಎರಡು ಭಾಗ ಮಾಡಬೇಕು, ಎಡಕ್ಕೆ ಲೆಕ್ಕ, ಬಲಕ್ಕೆ ಕಾರಣ. ಬಲಗಡೆ ಖಾಲಿ ಇದ್ದರೆ ಉತ್ತರ ಸರಿಯಿದ್ದರೂ ನಾನು ಸರಿ ಗುರುತು ಹಾಕುವುದಿಲ್ಲ. ಅಕ್ಕನಿಗೂ ಹೇಳಿಬಿಟ್ಟಿದ್ದೇನೆ.