ಚಿಲಿಕಾದ ಚಳಿಗಾಲ: ಬೇಟೆಯ ದೋಣಿಗಳು ಹಕ್ಕಿ ತೋರಿಸುವ ದೋಣಿಗಳಾದ ಬಗೆ

ಒಡಿಶಾದ ಪುರಿ, ಖೊರ್ಧಾ ಮತ್ತು ಗಂಜಾಂ ಜಿಲ್ಲೆಗಳ ಅಂಚಿನಲ್ಲಿ ಹರಡಿರುವ ಚಿಲಿಕಾ ಒಂದು ಲಗೂನ್. ಉದ್ದನೆಯ ಮರಳದಿಬ್ಬದಿಂದ ಸಮುದ್ರದಿಂದ ಬೇರ್ಪಟ್ಟಿದ್ದರೂ ಅಳಿವೆಯ ಮೂಲಕ ಅದರೊಡನೆ ನೀರಿನ ನಂಟನ್ನು ಉಳಿಸಿಕೊಂಡಿರುವ ಕರಾವಳಿ ಸರೋವರಕ್ಕೆ ಈ ಹೆಸರು ಸಲ್ಲುತ್ತದೆ. ಉತ್ತರದಿಂದ ದಯಾ, ಭಾರ್ಗವಿ ಮೊದಲಾದ ಮಹಾನದಿಯ ಕವಲುಗಳು ಸಿಹಿನೀರನ್ನೂ ಹೂಳನ್ನೂ ತಂದು ಸುರಿಯುತ್ತವೆ. ಪೂರ್ವದ ಅಳಿವೆಯಿಂದ ಬಂಗಾಳ ಕೊಲ್ಲಿಯ ಉಬ್ಬರದ ನೀರು ಒಳಬರುತ್ತದೆ. ಮಳೆಗಾಲದಲ್ಲಿ 1,100 ಚದರ ಕಿಲೋಮೀಟರಿಗೂ ಮೀರಿ ಹಬ್ಬುವ ಸರೋವರ ಬೇಸಿಗೆಗೆ 900ರ ಆಸುಪಾಸಿಗೆ ಕುಗ್ಗುತ್ತದೆ. ಹೀಗೆ ನೀರು ಇಳಿಯತೊಡಗಿ ಅಂಚುಗಳಲ್ಲಿ ಕೆಸರಿನ ಬಯಲುಗಳು ತೆರೆದುಕೊಳ್ಳುವ ಹೊತ್ತಿಗೇ ಸೈಬೀರಿಯಾ, ಮಂಗೋಲಿಯಾ, ಮಧ್ಯ ಏಷ್ಯಾ ಮತ್ತು ಟಿಬೆಟ್‌ಗಳ ಕಡೆಯಿಂದ ಬಾತು, ಹೆಬ್ಬಾತು, ಗೊರವಗಳ ಹಿಂಡುಗಳು ಬಂದಿಳಿಯುತ್ತವೆ. ಜನವರಿಯ ಗಣತಿಯಲ್ಲಿ ಈಚಿನ ವರ್ಷಗಳಲ್ಲಿ ಹತ್ತು ಲಕ್ಷದ ಆಸುಪಾಸಿನ ಹಕ್ಕಿಗಳು ಲೆಕ್ಕಕ್ಕೆ ಸಿಗುತ್ತಿರುವ ಚಿಲಿಕಾ, ಹಕ್ಕಿಗಳನ್ನು ನೋಡಲೆಂದೇ ರಜೆ ಹಾಕಿ ಹೊರಡುವವರ ಪಾಲಿಗೆ ಪೂರ್ವ ಕರಾವಳಿಯ ಮುಖ್ಯ ತಾಣವಾಗಿದೆ. ಆದರೆ ಆ ಪ್ರವಾಸದ ಸ್ವರೂಪ ಕಳೆದ ಮೂವತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಬದಲಾವಣೆಯ ತಿರುಳು ಪ್ರವಾಸಿಗರಿಗಿಂತ ಹೆಚ್ಚಾಗಿ ದೋಣಿಯ ಹಿಂದೆ ನಿಂತು ಗಳ ಹಾಕುವವರ ಬದುಕಿನಲ್ಲಿದೆ.

ತೊಂಬತ್ತರ ದಶಕದಲ್ಲಿ ಚಿಲಿಕಾಕ್ಕೆ ಹೋಗುತ್ತಿದ್ದ ಹಕ್ಕಿಪ್ರಿಯರಿಗೆ ನಳಬಣವೇ ಗುರಿಯಾಗಿತ್ತು. ಸರೋವರದ ನಡುವೆ ಮಳೆಗಾಲದಲ್ಲಿ ಮುಳುಗಿ, ಮಳೆ ಕಳೆದ ಮೇಲೆ ತಲೆಯೆತ್ತುವ ಈ ದ್ವೀಪವನ್ನು 1987ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಗಿತ್ತು. ಅದರ ವಿಸ್ತೀರ್ಣ 15.53 ಚದರ ಕಿಲೋಮೀಟರು. ಬೆಂಗಳೂರಿನಿಂದ ಭುವನೇಶ್ವರದ ಕಡೆ ಹೋಗುವ ರೈಲುಗಳು ಸರೋವರದ ಪಶ್ಚಿಮ ದಡವನ್ನು ಅನುಸರಿಸಿಯೇ ಸಾಗುವುದರಿಂದ, ಕರ್ನಾಟಕದಿಂದ ಹೊರಟವರಿಗೆ ರಂಭಾ ದಾಟುತ್ತಿದ್ದಂತೆ ಕಿಟಕಿಯಿಂದಲೇ ನೀರಿನ ಹರವು ಕಾಣಸಿಗುತ್ತಿತ್ತು. ಬಾಲುಗಾಂವ್ ಬಳಿಯ ಬರ್ಕುಲ್‌ನಲ್ಲಿ ಇಳಿದುಕೊಂಡು, ಡೀಸೆಲ್ ಎಂಜಿನ್ನಿನ ದೋಣಿಯನ್ನು ಬಾಡಿಗೆಗೆ ಹಿಡಿದು ನಳಬಣದತ್ತ ಹೊರಡುವುದು ವಾಡಿಕೆಯಾಗಿತ್ತು. ಅಲ್ಲಿ ಹಕ್ಕಿಗಳಿದ್ದವು, ಅಪಾರ ಸಂಖ್ಯೆಯಲ್ಲಿಯೇ ಇದ್ದವು. ಆದರೆ ಎಂಜಿನ್ನಿನ ಸದ್ದು ಕೇಳುತ್ತಲೇ ಅವು ದೂರದಲ್ಲಿಯೇ ಮೇಲೇಳುತ್ತಿದ್ದವು. ದುರ್ಬೀನು ಹಿಡಿದವರಿಗೆ ದಿಗಂತದಲ್ಲೊಂದು ಕಪ್ಪು ಗೆರೆ ಎದ್ದು, ತಿರುಗಿ, ಮತ್ತೆ ಇಳಿದದ್ದಷ್ಟೇ ಕಾಣುತ್ತಿತ್ತು. ಸೂಜಿಬಾಲದ ಬಾತು ಯಾವುದು, ಬೂದು ಬಾತು ಯಾವುದು ಎಂದು ಬಿಡಿಸಿ ಹೇಳಲು ಅನುಭವಿಗಳೇ ಬೇಕಾಗುತ್ತಿತ್ತು. ಹಕ್ಕಿ ಗಾಬರಿಯಿಂದ ಹಾರುವ ಮುನ್ನ ಮನುಷ್ಯನನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಪಕ್ಷಿಶಾಸ್ತ್ರದಲ್ಲಿ ಪಲಾಯನ ದೂರ ಎಂಬ ಅಳತೆಯಿದೆ. ಒಂದು ಊರಿನವರು ಹಕ್ಕಿಗಳೊಡನೆ ಹೇಗೆ ನಡೆದುಕೊಂಡಿದ್ದಾರೆಂಬುದನ್ನು ಆ ಊರಿನ ಕಾಗದಪತ್ರಗಳಿಗಿಂತ ಈ ಅಳತೆ ನಿಖರವಾಗಿ ತಿಳಿಸುತ್ತದೆ.

ಆ ವರ್ಷಗಳಲ್ಲಿ ಸರೋವರವೇ ಕ್ಷೀಣಿಸುತ್ತಿತ್ತು. ಅಳಿವೆಯ ಬಾಯಿ ಉತ್ತರಕ್ಕೆ ಸರಿಯುತ್ತ, ಹೂಳಿನಿಂದ ಕಿರಿದಾಗುತ್ತ ಬಂದು ಸಮುದ್ರದ ನೀರು ಒಳಬರುವುದು ಕಡಿಮೆಯಾಗಿತ್ತು. ಉಪ್ಪಿನಂಶ ಇಳಿದಂತೆ ಸಿಹಿನೀರಿನ ಕಳೆಗಳು ಹಬ್ಬಿ, ಮೀನಿನ ಸಂತತಿ ಕುಸಿದಿತ್ತು. ಜೌಗುಪ್ರದೇಶಗಳ ರಕ್ಷಣೆಗಾಗಿ ಇರುವ ರಾಮ್ಸಾರ್ ಒಪ್ಪಂದದ ಪಟ್ಟಿಗೆ 1981ರಲ್ಲಿ, ಭಾರತದ ಮೊದಲ ಎರಡು ತಾಣಗಳಲ್ಲಿ ಒಂದಾಗಿ, ಸೇರಿದ್ದ ಚಿಲಿಕಾ 1993ರಲ್ಲಿ ಮಾಂಟ್ರೋ ದಾಖಲೆಗೆ, ಅಂದರೆ ಪರಿಸರದ ಗುಣ ಕೆಡುತ್ತಿರುವ ತಾಣಗಳ ಪಟ್ಟಿಗೆ, ಸೇರಬೇಕಾಯಿತು. ಇದರ ಜೊತೆಗೆ ಸಿಗಡಿಯ ಲಾಭ ಬಂದಿತ್ತು. ಹೊರಗಿನ ಬಂಡವಾಳದವರು ಬಲೆ ಮತ್ತು ಬಿದಿರಿನಿಂದ ನೀರನ್ನೇ ಬೇಲಿ ಕಟ್ಟಿ ಸಿಗಡಿ ಬೆಳೆಸುವ ಘೇರಿಗಳನ್ನು ಎಬ್ಬಿಸಿದಾಗ ತಲೆಮಾರುಗಳಿಂದ ಮೀನು ಹಿಡಿಯುತ್ತಿದ್ದವರಿಗೆ ನೀರಿನಲ್ಲಿ ಜಾಗವೇ ಇಲ್ಲದಂತಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಸುತ್ತ ಸಾವಿರ ಮೀಟರಿನೊಳಗೆ ಸಿಗಡಿ ಕೃಷಿಯನ್ನು ನಿಷೇಧಿಸಿತಾದರೂ ಘೇರಿಗಳು ತೊಲಗಲಿಲ್ಲ. 1999ರ ಮೇ ತಿಂಗಳಲ್ಲಿ ಅವುಗಳ ವಿರುದ್ಧದ ಹೋರಾಟ ತೀವ್ರವಾದಾಗ ಸೊರಾನ ಗ್ರಾಮದಲ್ಲಿ ಪೊಲೀಸ್ ಗೋಲೀಬಾರಿಗೆ ಮೀನುಗಾರರು ಬಲಿಯಾದರು. ಚಿಲಿಕಾದ ಹಕ್ಕಿಗಳ ಕಥೆಯನ್ನು ಈ ಸಾವುಗಳನ್ನು ಬಿಟ್ಟು ಹೇಳುವುದು ಸರಿಯಲ್ಲ, ಏಕೆಂದರೆ ಮೀನು ಕೈತಪ್ಪಿದ ಮನೆಗಳಲ್ಲಿ ಹಕ್ಕಿಯನ್ನು ಹಿಡಿದು ಮಾರುವುದೊಂದು ಉಳಿದ ದಾರಿಯಾಗಿತ್ತು.

2000ದ ಸೆಪ್ಟೆಂಬರಿನಲ್ಲಿ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವು ಸಾತಪಾಡಾ ಕಡೆಯ ಮರಳದಿಬ್ಬವನ್ನು ಕಡಿದು ಹೊಸ ಅಳಿವೆಯನ್ನು ತೆರೆಯಿತು. ಉಬ್ಬರವಿಳಿತ ಮರಳಿತು, ಕಳೆ ಹಿಂದೆ ಸರಿಯಿತು, ಮೀನಿನ ಉತ್ಪತ್ತಿ ಎರಡೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. 2002ರಲ್ಲಿ ಚಿಲಿಕಾ ಮಾಂಟ್ರೋ ದಾಖಲೆಯಿಂದ ಹೊರಬಂದುದಲ್ಲದೆ ರಾಮ್ಸಾರ್ ಪ್ರಶಸ್ತಿಯನ್ನೂ ಪಡೆಯಿತು.

ಇದೇ ಕಾಲದಲ್ಲಿ ಸರೋವರದ ಉತ್ತರ ಅಂಚಿನ ಮಂಗಳಾಜೋಡಿ ಎಂಬ ಹಳ್ಳಿಯಲ್ಲಿ ನಡೆದದ್ದು ಇನ್ನೊಂದು ಬಗೆಯ ಬದಲಾವಣೆ. ಭುವನೇಶ್ವರದಿಂದ ಸುಮಾರು ಎಪ್ಪತ್ತು ಕಿಲೋಮೀಟರು ದೂರದ, ಟಾಂಗಿ ಎಂಬ ಪಟ್ಟಣದ ಹತ್ತಿರದ ಈ ಊರಿನ ಮುಂದೆ ಆಪು, ಜೊಂಡು ಮತ್ತು ಆಳೆತ್ತರದ ಲಾಳದ ಹುಲ್ಲು ಬೆಳೆದ ಸಿಹಿನೀರಿನ ಜೌಗು ಇದೆ. ಮಂಗಳಾಜೋಡಿ ಆಗ ಹಕ್ಕಿಪ್ರಿಯರ ನಕ್ಷೆಯಲ್ಲಿ ಇರಲಿಲ್ಲ. ಇದ್ದರೂ ಬೇಟೆಗಾರರ ಊರೆಂದೇ ಅದರ ಹೆಸರು. ಬಂದೂಕು, ರಾತ್ರಿ ಒಡ್ಡುವ ಬಲೆ, ವಿಷ ಬೆರೆಸಿದ ಮೇವು, ಇವು ಮೂರೂ ಬಳಕೆಯಲ್ಲಿದ್ದವು. ವಿಷಕ್ಕೆ ಸಿಕ್ಕ ಹಕ್ಕಿಗಳನ್ನು ಕೂಡಲೇ ಕೊಯ್ದು ಮಾಂಸ ಮಾರಾಟಕ್ಕೆ ಕಳುಹಿಸಲಾಗುತ್ತಿತ್ತು, ಗೂಡು ಕಟ್ಟುವ ಕಾಲದಲ್ಲಿ ಮೊಟ್ಟೆಗಳೂ ಬುಟ್ಟಿ ಸೇರುತ್ತಿದ್ದವು. ಬಂದೂಕಿನ ಸದ್ದಿಗೆ ಹೊಂದಿಕೊಂಡ ಹಕ್ಕಿಗಳು ಹಗಲೆಲ್ಲ ದೂರದ ನೀರಿನಲ್ಲಿ ಕಳೆದು, ಕತ್ತಲಾದ ಮೇಲಷ್ಟೇ ಜೌಗಿಗೆ ಮೇಯಲು ಬರುತ್ತಿದ್ದವು. ಅವುಗಳ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತೆಂದು ಆ ಕಾಲವನ್ನು ಕಂಡವರು ಹೇಳುತ್ತಾರೆ.

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ವೈಲ್ಡ್ ಒರಿಸ್ಸಾ ಎಂಬ ಸ್ವಯಂಸೇವಾ ಸಂಸ್ಥೆಯವರು ಈ ಊರಿಗೆ ಬಂದು ಬೇಟೆಗಾರರೊಡನೆಯೇ ಮಾತಿಗೆ ಕುಳಿತರು. ವರ್ಷಗಳ ಒಡನಾಟದ ಫಲವಾಗಿ 2000ದಲ್ಲಿ ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ರೂಪುಗೊಂಡಿತು. ಅದರ ಸದಸ್ಯರಲ್ಲಿ ಅನೇಕರು ಹಿಂದಿನ ದಿನದವರೆಗೂ ಬಲೆ ಹೂಡಿದವರೇ. ಬೇಟೆಗಾರನನ್ನು ಕಾವಲುಗಾರನನ್ನಾಗಿ ಮಾಡುವುದು ಕೇಳಲು ಸುಲಭವಾದರೂ, ದಿನದ ಗಳಿಕೆಯನ್ನು ಬಿಟ್ಟುಕೊಡಲು ಒಪ್ಪಿದ ಆ ಮೊದಲ ಗುಂಪಿಗೆ ಪ್ರತಿಯಾಗಿ ಸಿಗುವಂಥದ್ದು ಆಗ ಏನೂ ಇರಲಿಲ್ಲ, ಪ್ರವಾಸಿಗರೂ ಬರುತ್ತಿರಲಿಲ್ಲ ಎಂಬುದನ್ನು ನೆನೆದರೆ ಅವರ ನಿರ್ಧಾರದ ತೂಕ ತಿಳಿಯುತ್ತದೆ. ಸ್ವಂತ ಊರಿನವರನ್ನೇ, ಕೆಲವೊಮ್ಮೆ ಸ್ವಂತ ನೆಂಟರನ್ನೇ, ರಾತ್ರಿ ದೋಣಿಯಲ್ಲಿ ಅಡ್ಡಗಟ್ಟಬೇಕಾದ ಕೆಲಸ ಅದು. ಪ್ರವಾಸಿಗರ ವರಮಾನ ಊರಿಗೆ ವ್ಯವಸ್ಥಿತವಾಗಿ ಬರತೊಡಗಿದ್ದು 2000ದ ದಶಕದ ಕೊನೆಗೆ ಗ್ರಾಮಸ್ಥರನ್ನೇ ಒಳಗೊಂಡ ಪರಿಸರ ಪ್ರವಾಸೋದ್ಯಮ ಟ್ರಸ್ಟ್ ನೆಲೆಗೊಂಡ ನಂತರ; 2018ರಲ್ಲಿ ಆ ಟ್ರಸ್ಟಿಗೆ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಮನ್ನಣೆಯೂ ದೊರೆಯಿತು.

ಇಂದು ಮಂಗಳಾಜೋಡಿಗೆ ಹೋಗುವವರು ಬೆಳಗಿನ ಜಾವದಲ್ಲಿ ಏರಿಯ ಮೇಲಿನ ರಸ್ತೆಯನ್ನು ಹಿಡಿದು, ಕಾವಲುಗೋಪುರದ ಬಳಿ ಚಪ್ಪಟೆ ತಳದ ಮರದ ದೋಣಿಯನ್ನು ಹತ್ತುತ್ತಾರೆ. ಇಲ್ಲಿ ಎಂಜಿನ್ ಇಲ್ಲ. ಒಬ್ಬನು ಬಿದಿರಿನ ಗಳ ಊರಿ ದೋಣಿಯನ್ನು ತಳ್ಳಿದರೆ, ಇನ್ನೊಬ್ಬನು ಮುಂದೆ ಕುಳಿತು ಹಕ್ಕಿ ತೋರಿಸುತ್ತಾನೆ. ಜೊಂಡಿನ ನಡುವಣ ಕಿರುಗಾಲುವೆಗಳಲ್ಲಿ ದೋಣಿ ಸರಿಯುವಾಗ ನೇರಳೆ ಜಂಬುಕೋಳಿಗಳು ದಂಟುಗಳನ್ನು ಸೀಳಿ ತಿನ್ನುವುದನ್ನು ನಿಲ್ಲಿಸುವುದೂ ಇಲ್ಲ. ದೇವನಕ್ಕಿಗಳು ತೇಲುವ ಎಲೆಗಳ ಮೇಲೆ ನಡೆದಾಡುತ್ತವೆ, ಬಾಯ್ಕಳಕ ಕೊಕ್ಕರೆಗಳು ಬಸವನಹುಳುಗಳನ್ನು ಹೆಕ್ಕುತ್ತವೆ. ನಳಬಣದಲ್ಲಿ ದಿಗಂತದ ಗೆರೆಯಾಗಿ ಮಾತ್ರ ಕಂಡಿದ್ದ ಸೂಜಿಬಾಲದ ಬಾತಿನ ಗಂಡುಹಕ್ಕಿಯ ಕತ್ತಿನ ಪಕ್ಕದಲ್ಲಿ ಮೇಲೇರುವ ಬಿಳಿಯ ಪಟ್ಟಿಯನ್ನು ಇಲ್ಲಿ ಬರಿಗಣ್ಣಿಗೇ ನೋಡಬಹುದು. ಕೆಸರು ಬಯಲಿನ ಅಂಚಿನಲ್ಲಿ ಸಾವಿರಗಟ್ಟಲೆ ಸೇರುವ ಕಪ್ಪು ಬಾಲದ ಹಿನ್ನೀರ ಗೊರವಗಳು ನೀಳವಾದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ ಹುಳುಗಳನ್ನು ಹುಡುಕುತ್ತವೆ. ಜೌಗು ಸೆಳೆವವೆಂಬ ಬೇಟೆಹಕ್ಕಿ ತಗ್ಗಿನಲ್ಲಿ ಹಾರಿ ಬಂದಾಗ ಅವೆಲ್ಲವೂ ಒಟ್ಟಿಗೇ ಮೇಲೇಳುತ್ತವೆ; ದೋಣಿ ಬಂದಾಗ ಏಳುವುದಿಲ್ಲ. ಹಳೆಯ ದಿನಗಳನ್ನು ಕಂಡವರಿಗೆ ಇಲ್ಲಿನ ಬದಲಾವಣೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಹಕ್ಕಿ ತೋರಿಸುವವರ ಜ್ಞಾನದ ಬಗ್ಗೆ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕು. ಯಾವ ಗಾಳಿಗೆ ಬಾತುಗಳು ಯಾವ ಮಗ್ಗುಲಿನಲ್ಲಿ ತಂಗುತ್ತವೆ, ನೀರು ಒಂದು ಗೇಣು ಇಳಿದರೆ ಗೊರವಗಳು ಎಲ್ಲಿಗೆ ಸರಿಯುತ್ತವೆ, ಜೊಂಡಿನೊಳಗಿಂದ ಬಂದ ಕೂಗು ಯಾವ ಕೋಳಿಯದು ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು, ಬೇಟೆಗೆ ಅದೇ ಆಧಾರವಾಗಿತ್ತು. ತರಬೇತಿಯಿಂದ ಅವರು ಹೊಸದಾಗಿ ಪಡೆದದ್ದು ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು, ಕೈಪಿಡಿಯ ಪುಟಗಳನ್ನು ಮತ್ತು ಹಕ್ಕಿಗೂ ದೋಣಿಗೂ ನಡುವೆ ಎಷ್ಟು ಅಂತರ ಬಿಡಬೇಕೆಂಬ ಶಿಸ್ತನ್ನು. ಸಂರಕ್ಷಣೆಯ ಬರಹಗಳು ಈ ಜನರಿಗೆ ಅರಿವು ಮೂಡಿಸಲಾಯಿತು ಎಂದು ಬರೆಯುವಾಗ ಈ ವ್ಯತ್ಯಾಸವನ್ನು ಮರೆಯುತ್ತವೆ. ಅವರಲ್ಲಿದ್ದ ಅರಿವಿಗೆ ಬೇರೊಂದು ಉಪಯೋಗ ದೊರೆಯಿತೆಂಬುದೇ ಹೆಚ್ಚು ನ್ಯಾಯವಾದ ಮಾತು.

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರನ್ನು ಬಲ್ಲ ಕನ್ನಡಿಗರಿಗೆ ಊರವರೇ ಹಕ್ಕಿ ಕಾಯುವುದು ಹೊಸ ಸಂಗತಿಯಲ್ಲ. ಆದರೆ ಅಲ್ಲಿ ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳ ಬಗ್ಗೆ ಹಿರಿಯರಿಂದ ಬಂದ ಅಕ್ಕರೆಯಿತ್ತು. ಮಂಗಳಾಜೋಡಿಯಲ್ಲಿ ಅದನ್ನು ಒಂದೇ ತಲೆಮಾರಿನೊಳಗೆ ಕಟ್ಟಬೇಕಾಯಿತು. ಇನ್ನೂ ಒಂದು ಅಂಶ ಗಮನಿಸತಕ್ಕದ್ದು. ನಳಬಣಕ್ಕೆ ಪಕ್ಷಿಧಾಮವೆಂಬ ಕಾನೂನಿನ ಸ್ಥಾನವಿದೆ, ಮಂಗಳಾಜೋಡಿಯ ಜೌಗಿಗೆ ಅದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ಕಡೆ ಹಕ್ಕಿಗಳ ಬೇಟೆಯನ್ನು ಅಪರಾಧವೆಂದೇ ಎಣಿಸುತ್ತದೆ, ಆದರೆ ಕಾಯ್ದೆ ಬಂದ ಮೇಲೂ ಕಾಲು ಶತಮಾನದಷ್ಟು ಕಾಲ ಇಲ್ಲಿ ಬೇಟೆ ನಡೆದೇ ಇತ್ತು. ಅಳಿವೆ ತೆರೆದ ಕೆಲಸಕ್ಕೆ ಪ್ರಾಧಿಕಾರವೇ ಬೇಕಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಹಾಗೆಯೇ ರಾತ್ರಿ ಜೌಗು ಕಾಯುವ ಕೆಲಸ ಊರವರ ಹೊರತು ಬೇರೆಯವರಿಂದ ಆಗುವಂಥದ್ದಲ್ಲ.

ನೋಡಲು ಬರುವವರೂ ಬದಲಾದರು. ದುರ್ಬೀನು, ಸಾಲಿಂ ಅಲಿಯವರ ಹಕ್ಕಿ ಪುಸ್ತಕ ಮತ್ತು ಟಿಪ್ಪಣಿ ಪುಸ್ತಕಗಳನ್ನು ಹೆಗಲ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದವರ ಜಾಗಕ್ಕೆ, ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, ಉದ್ದನೆಯ ಲೆನ್ಸಿನ ಡಿಜಿಟಲ್ ಕ್ಯಾಮೆರಾ ಹಿಡಿದವರು ಬಂದರು. ಪಟ್ಟಿ ಬರೆಯುವವನಿಗೆ ಹಕ್ಕಿ ಗುರುತು ಸಿಕ್ಕರೆ ಸಾಕು. ಚಿತ್ರ ತೆಗೆಯುವವನಿಗೆ ಇನ್ನಷ್ಟು ಹತ್ತಿರ ಬೇಕು, ರೆಕ್ಕೆ ಬಿಚ್ಚಿದ ಗಳಿಗೆ ಬೇಕು. ಹಕ್ಕಿಯನ್ನು ಎಬ್ಬಿಸೆಂದು ಕೇಳುವ ಗಿರಾಕಿಗೂ, ಅಂತರ ಕಾಯ್ದುಕೊಳ್ಳಬೇಕೆಂಬ ನಿಯಮಕ್ಕೂ ನಡುವೆ ಸಿಲುಕುವವನು ದೋಣಿಯವನೇ, ಮತ್ತು ಬಖ್ಶೀಸು ಬರಬೇಕಾದದ್ದು ನಿಯಮ ಮುರಿಯಲು ಹೇಳಿದವನ ಕೈಯಿಂದಲೇ. ವರ್ಷಗಟ್ಟಲೆ ದುಡಿದು ಗಳಿಸಿದ ಹಕ್ಕಿಗಳ ನಂಬಿಕೆಯನ್ನು ಒಂದು ಚಿತ್ರಕ್ಕಾಗಿ ಕೆಡಿಸುವುದು ಅಕ್ಷಮ್ಯ. ಕನ್ನಡನಾಡಿನಿಂದ ಹೋಗುವ ತಂಡಗಳೂ ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬೇಕು.

ಚಿಲಿಕಾ ಮುಗಿಸಿ ದಕ್ಷಿಣಕ್ಕೆ ಇಳಿಯುವವರಿಗೆ ಸೂಳೂರುಪೇಟೆಯಿಂದ ಶ್ರೀಹರಿಕೋಟಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ ಪುಲಿಕಾಟಿನ ರಾಜಹಂಸಗಳು, ಇನ್ನೂ ಕೆಳಗೆ ಉಪ್ಪಿನಗದ್ದೆಗಳ ನೆರೆಯ ಕೋಡಿಯಕ್ಕರೈ ಸಿಗುತ್ತವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿ ಗುರುತಿಸಿದ ತಾಣಗಳಲ್ಲಿ ಕೋಡಿಯಕ್ಕರೈ ಮುಖ್ಯವಾದುದು. ಚಿಲಿಕಾದಲ್ಲಿ ಕಾಣುವ ಪಟ್ಟೆತಲೆ ಹೆಬ್ಬಾತನ್ನು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿಯೂ ಚಳಿಗಾಲದಲ್ಲಿ ನೋಡಬಹುದು; 2024ರಲ್ಲಿ ಮಾಗಡಿ ಕೆರೆಯೂ ಅಘನಾಶಿನಿಯ ಅಳಿವೆಯೂ ರಾಮ್ಸಾರ್ ಪಟ್ಟಿಗೆ ಸೇರಿರುವುದರಿಂದ ಚಿಲಿಕಾದ ಅನುಭವ ಕರ್ನಾಟಕಕ್ಕೂ ಕೆಲಸಕ್ಕೆ ಬರುವಂಥದ್ದು.

ಚಿಲಿಕಾದ ಕಷ್ಟಗಳು ತೀರಿಲ್ಲ. 2013ರ ಫೈಲಿನ್ ಮತ್ತು 2019ರ ಫನಿ ಚಂಡಮಾರುತಗಳು ಈ ಕರಾವಳಿಯನ್ನು ಜರ್ಜರಿತಗೊಳಿಸಿದವು. ಫನಿ ಮರಳದಿಬ್ಬದಲ್ಲಿ ಹೊಸ ಬಾಯಿಗಳನ್ನೇ ತೆರೆದು ಉಪ್ಪುನೀರಿನ ಲೆಕ್ಕಾಚಾರವನ್ನು ಬದಲಿಸಿತು. ಘೇರಿಗಳನ್ನು ಕಿತ್ತ ಜಾಗದಲ್ಲಿ ಮತ್ತೆ ಘೇರಿಗಳು ಏಳುತ್ತವೆ. ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಸಂಗತಿಯೆಂದರೆ ವರ್ಷದ ಉಳಿದ ತಿಂಗಳುಗಳು. ಪ್ರವಾಸಿಗರ ಹಣ ಬರುವುದು ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ. ಆದರೆ ವಲಸೆ ಹೋಗದೆ ಇಲ್ಲಿಯೇ ಉಳಿಯುವ ಜಂಬುಕೋಳಿ, ದೇವನಕ್ಕಿ, ಸಿಳ್ಳೆ ಬಾತುಗಳು ಗೂಡು ಕಟ್ಟಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಒಂದು ಕಾಲಕ್ಕೆ ಮೊಟ್ಟೆಗಳು ಬುಟ್ಟಿ ಸೇರುತ್ತಿದ್ದ ಅದೇ ತಿಂಗಳುಗಳಲ್ಲಿ. ಹೊರಗಿನವರು ಯಾರೂ ಬಾರದ, ದೋಣಿಗೆ ಬಾಡಿಗೆಯೇ ಇಲ್ಲದ ಆ ಕಾಲದಲ್ಲಿ ಜೌಗನ್ನು ಸುತ್ತಿ ಕಾಯುವವರಿಗೆ ನಿಯತವಾದ ಸಂಬಳವನ್ನು ಗೊತ್ತುಪಡಿಸುವುದು ಸರ್ಕಾರಕ್ಕಾಗಲಿ, ಚಳಿಗಾಲದ ಆದಾಯದಲ್ಲಿ ಪಾಲು ಪಡೆಯುವ ಹೋಟೆಲು ಮತ್ತು ಪ್ರವಾಸ ಸಂಸ್ಥೆಗಳಿಗಾಗಲಿ ಭಾರವಾಗುವ ಖರ್ಚಲ್ಲ.