ಏರು ಐತೆ ಮಿಸ್

ಐವತ್ತನಾಲ್ಕನೆಯ ವಯಸ್ಸಿನಲ್ಲಿ ತಲೆಗೆ ಹೆಲ್ಮೆಟ್ಟು, ಚೂಡಿದಾರದ ಮೇಲೊಂದು ಹಳದಿ ಜಾಕೆಟ್ಟು ತೊಟ್ಟು, ಹುಟ್ಟಿ ಬೆಳೆದ ಸೀಮೆಯನ್ನೇ ದುಡ್ಡು ಕೊಟ್ಟು ನೋಡಲು ಹೊರಟವಳು ನಮ್ಮ ಆಲೂರು ಕಡೆಯಲ್ಲಿ ನಾನೊಬ್ಬಳೇ ಇರಬೇಕು. ಅದೂ ಸೈಕಲ್ಲಿನ ಮೇಲೆ! ನಮ್ಮವರು ಬಾಗಿಲಲ್ಲಿ ನಿಂತು, ‘ಮಂಡಿಗೆ ಹಚ್ಚೋ ಎಣ್ಣೆ ತಗೊಂಡೆಯಾ?’ ಎಂದಷ್ಟೇ ಕೇಳಿದರು. ಅವರ ಮುಖದಲ್ಲಿದ್ದ ನಗುವನ್ನು ನಾನು ಕಂಡೂ ಕಾಣದವಳಂತೆ ಚೀಲ ಎತ್ತಿಕೊಂಡೆ.

ಇದಕ್ಕೆಲ್ಲ ಕಾರಣ ಬೆಂಗಳೂರಿನ ನನ್ನ ಅಕ್ಕನ ಮಗಳು. ಅವಳು ಹಿಂದಿನ ವರ್ಷ ಗೆಳತಿಯರ ಜೊತೆ ಥಾಯ್ಲೆಂಡಿಗೆ ಸೈಕಲ್ ಪ್ರವಾಸ ಹೋಗಿಬಂದಿದ್ದಳು. ಬೆಳಗಿನ ತಂಪಿನಲ್ಲಿ ಗದ್ದೆಯ ಬದಿಯ ದಾರಿ ಹಿಡಿದು ನಿಧಾನವಾಗಿ ಸೈಕಲ್ ತುಳಿಯುವುದಂತೆ. ಮುಂದೆ ದಾರಿ ತೋರಿಸುವ ಒಬ್ಬ ಗೈಡು, ಹಿಂದೆ ಚೀಲ, ನೀರು, ಹೆಚ್ಚಿದ ಹಣ್ಣು ಹೊತ್ತ ಒಂದು ವ್ಯಾನು. ಸುಸ್ತಾದವರು ಸೈಕಲ್ಲನ್ನು ವ್ಯಾನಿಗೇರಿಸಿ ತಾವೂ ಹತ್ತಿ ಕೂತರಾಯಿತು. ‘ಸುಖೊಥಾಯ್’ ಎಂಬ ಹಳೆಯ ರಾಜಧಾನಿಯ ಪಾಳುಗುಡಿಗಳನ್ನೆಲ್ಲ ಹೀಗೇ ನೋಡಿದಳಂತೆ. ಸಮಾಜ ಪಾಠ ಮಾಡಿದ ನಾಲಿಗೆ ಸುಮ್ಮನಿರುತ್ತದೆಯೇ? ‘ಅದು ಸುಖೋದಯ ಕಣೇ, ಸುಖದ ಉದಯ. ಅವರ ಅಯುತ್ಥಯಾ ನಮ್ಮ ಅಯೋಧ್ಯೆ. ಏಪ್ರಿಲ್ ನಡುವಿನಲ್ಲಿ ನೀರೆರಚಿಕೊಂಡು ಆಡ್ತಾರಲ್ಲ ಸೊಂಗ್‌ಕ್ರಾನ್ ಹಬ್ಬ, ಅದು ಸಂಕ್ರಾಂತಿ’ ಎಂದು ಶುರುಮಾಡಿದೆ. ‘ಚಿಕ್ಕಮ್ಮಾ, ಪಾಠ ಬೇಡ’ ಎಂದು ಕೈಮುಗಿದಳು. ಆ ಸಿಟ್ಟಿಗೆ ನಾನು, ‘ಗದ್ದೆ, ಗುಡಿ, ಆನೆ ನೋಡೋಕೆ ಅಷ್ಟು ದೂರ ಯಾಕೆ ಹೋಗಿದ್ದೆ? ನಮ್ಮಲ್ಲಿಲ್ಲವಾ?’ ಎಂದುಬಿಟ್ಟೆ. ಆ ಮಾತೇ ನನ್ನನ್ನು ಕಟ್ಟಿಹಾಕಿತು ನೋಡಿ. 2024ರ ದೀಪಾವಳಿ ಕಳೆದ ಮೇಲೆ ಫೋನು ಬಂತು: ‘ಸಕಲೇಶಪುರದಲ್ಲೂ ಅಂಥದ್ದೇ ಸೈಕಲ್ ಟೂರ್ ಮಾಡ್ತಾರೆ ಚಿಕ್ಕಮ್ಮ. ನಿಮ್ಮ ಹೆಸರೂ ಕೊಟ್ಟಿದ್ದೀನಿ. ಸುಲಭದ ದಾರಿ ಅಂತಲೇ ಬರೆದಿದ್ದಾರೆ.’

ನಾನು ಸೈಕಲ್ ಕಲಿತ ಕಥೆಯನ್ನು ಇಲ್ಲಿ ಹೇಳಲೇಬೇಕು. ಚಿಕ್ಕವಳಿದ್ದಾಗ ನಮ್ಮಣ್ಣ ಗಂಟೆಗೆ ಐವತ್ತು ಪೈಸೆ ಬಾಡಿಗೆ ಕೊಟ್ಟು ಸೈಕಲ್ ತರುತ್ತಿದ್ದ. ನಾನು ಮುಟ್ಟಲು ಹೋದರೆ ಅಪ್ಪಯ್ಯ ಒಳಗಿನಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮಿನ ಅರ್ಥ ಮನೆಯವರಿಗೆಲ್ಲ ಗೊತ್ತಿತ್ತು. ಹಾಗೆಯೇ ಬಿ.ಎ. ಆಯಿತು, ಬಿ.ಎಡ್. ಆಯಿತು, ಮದುವೆ, ಮಕ್ಕಳು, ನೌಕರಿ ಎಲ್ಲ ಆಯಿತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ನಮ್ಮ ಹೈಸ್ಕೂಲಿನ ಅಂಗಳದಲ್ಲಿ ಹೊಸ ಸೈಕಲ್ಲುಗಳು ಸಾಲಾಗಿ ನಿಂತ ದಿನ ಹಬ್ಬವೇ. ಹಂಚುವ ಜವಾಬ್ದಾರಿ ನನ್ನದು. ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ತುಳಿಯಲು ಬರುತ್ತಿರಲಿಲ್ಲ. ‘ಕಲೀರಿ, ಹೆದರಬೇಡಿ’ ಎಂದು ನಾನು ಧೈರ್ಯ ಹೇಳುವಾಗ ಒಬ್ಬಳು, ‘ನಿಮಗೆ ಬರ್ತದಾ ಮಿಸ್?’ ಎಂದು ಕೇಳಿಯೇಬಿಟ್ಟಳು. ತೋಟದ ಲೈನ್ ಮನೆಯ ಹುಡುಗಿ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ದುಂಡಾದ ಅಕ್ಷರ.

ಅವಳಿಗೆ ಆಗಲೇ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಹಿಂದಿನ ಕ್ಯಾರಿಯರು ಹಿಡಿದುಕೊಂಡು ಓಡಿಓಡಿ ನನಗೆ ಕಲಿಸಿದವಳು ಅವಳೇ. ಮೂವತ್ತಾರರ ಹೆಂಗಸು ಸೀರೆಯ ಸೆರಗು ಸಿಕ್ಕಿಸಿಕೊಂಡು, ಹದಿಮೂರರ ಹುಡುಗಿ ‘ಬಿಟ್ಟಿಲ್ಲ ಮಿಸ್, ಹಿಡ್ಕಂಡಿದೀನಿ’ ಎನ್ನುತ್ತ, ಬಿಟ್ಟೇ ಬಿಟ್ಟು ದೂರ ನಿಂತು ನಗುತ್ತ... ನಾಲ್ಕೇ ದಿನದಲ್ಲಿ ಕಲಿತೆ.

ಇರಲಿ. ಪ್ರವಾಸಕ್ಕೆ ಬರುತ್ತೇನೆ. ಮೊದಲ ದಿನ ಸಕಲೇಶಪುರದ ಕಡೆ. ನಾವು ಆರು ಜನ, ಉಳಿದವರೆಲ್ಲ ಬೆಂಗಳೂರಿನವರು. ಗೈಡು ಇಪ್ಪತ್ತೈದು ದಾಟದ ಹುಡುಗ, ಇಲ್ಲಿಯವನೇ. ಇಪ್ಪತ್ತೊಂದು ಗೇರಿನ ಹಗುರ ಸೈಕಲ್ಲು. ಗೇರು ಬದಲಿಸುವುದನ್ನು ಕಲಿಯುವ ಹೊತ್ತಿಗೆ ದೋಣಿಗಾಲ್ ಬಂದಿತ್ತು. ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತಿದೆವು. 1792ರಲ್ಲಿ ಟಿಪ್ಪು ಕಟ್ಟಿಸಿ ಮುಗಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಕೋಟೆಯೊಳಗೆ ನಿಂತವರಿಗೆ ಆ ನಕ್ಷತ್ರ ಪೂರ್ತಿಯಾಗಿ ಕಾಣುವುದಿಲ್ಲ, ಅದು ಆಕಾಶದಲ್ಲಿರುವವರಿಗೇ ಚೆನ್ನ. ಈ ತಾಲ್ಲೂಕಿಗೇ ಒಂದು ಕಾಲಕ್ಕೆ ಮಂಜರಾಬಾದ್ ಎಂಬ ಹೆಸರಿತ್ತು. ಗೈಡು ಒಂದು ಕತ್ತಲ ಕೋಣೆಯ ಮುಂದೆ ನಿಂತು, ‘ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ’ ಎಂದ. ಎಲ್ಲರೂ ‘ವಾವ್’ ಎಂದರು. ಅಕ್ಕನ ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ನಾನು ಬಾಯಿ ಬಿಡದ ಹಾಗೆ.

ಆ ರಾತ್ರಿ ಒಂದು ತೋಟದ ಮನೆಯಲ್ಲಿ ವಸತಿ. ಅಕ್ಕಿ ರೊಟ್ಟಿ, ಕಡುಬು, ಕಾಳಿನ ಸಾರು. ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಮಾತು ಆನೆಗೆ ತಿರುಗಿತು. 2023ರ ಡಿಸೆಂಬರ್ 4ರಂದು ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತದ್ದು ಇದೇ ತಾಲ್ಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದಿದ್ದಾಗ. ಬೆಂಗಳೂರಿನವರಿಗೆ ಅದು ಟಿ.ವಿ.ಯ ಸುದ್ದಿಯಾಗಿ ನೆನಪಿತ್ತು. ಮನೆಯ ಯಜಮಾನಿತಿ ಮಾತ್ರ, ‘ನಮ್ಮ ಗದ್ದೆ ನಾಟಿ ಮಾಡದೆ ಎಷ್ಟೋ ವರ್ಷ ಆಯ್ತು. ಬೆಳೆಯೋದು ನಾವು, ಉಣ್ಣೋದು ಅವು’ ಎಂದು ಹೇಳಿ ರೊಟ್ಟಿ ತಟ್ಟಲು ಒಳಗೆ ಹೋದರು. ಥಾಯ್ಲೆಂಡಿನಲ್ಲಿ ಆನೆಗೆ ಬಾಳೆಹಣ್ಣು ತಿನ್ನಿಸಲು ಟಿಕೆಟ್ಟು ಕೊಳ್ಳಬೇಕೆಂದು ಅಕ್ಕನ ಮಗಳು ಹೇಳಿದ್ದು ನೆನಪಾಯಿತು.

ಎರಡನೇ ದಿನ ವ್ಯಾನಿನಲ್ಲಿ ಆಲೂರಿನ ಕಡೆ ಬಂದೆವು. ಹೊರಡುವ ಮೊದಲು ಗೈಡು ಫೋನು ನೋಡಿ ತಲೆಯಾಡಿಸಿದ. ಆನೆಗಳು ಎಲ್ಲಿವೆ ಎಂದು ಈಗ ಫೋನಿಗೇ ಸಂದೇಶ ಬರುತ್ತದಲ್ಲ, ನಾವು ಹೋಗಬೇಕಾದ ತೋಟದ ಪಕ್ಕದಲ್ಲೇ ಹಿಂಡೊಂದು ಇತ್ತು. ‘ಒಂದು ಗಂಟೆ ತಡ ಮಾಡಿ ಹೋಗೋಣ’ ಎಂದ. ನಮಗೆಲ್ಲ ಇನ್ನೊಂದು ಸುತ್ತು ಕಾಫಿ ಬಂತು.

ಕೆಂಚಮ್ಮನ ಹೊಸಕೋಟೆ ಕಡೆಯ ಒಳರಸ್ತೆಗಳು ಆ ಬೆಳಿಗ್ಗೆ ಎಷ್ಟು ಚೆನ್ನಾಗಿದ್ದವೆಂದರೆ, ನನಗೇ ಹೊಸ ಊರಿಗೆ ಬಂದ ಹಾಗಾಯಿತು. ಅರೇಬಿಕಾ ಹಣ್ಣಾಗಿ ಗಿಡಗಳು ಕೆಂಪಗೆ ತೂಗುತ್ತಿದ್ದವು. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿಯ ಮೇಲೆ ಇಬ್ಬನಿ. ರಾಜಾರಾಯರ ‘ಕಾಂತಾಪುರ’ ಇದೆಯಲ್ಲ, 1938ರ ಇಂಗ್ಲಿಷ್ ಕಾದಂಬರಿ, ಅದರ ಊರದೇವತೆಯ ಹೆಸರೂ ಕೆಂಚಮ್ಮನೇ, ನದಿಯ ಹೆಸರು ಹಿಮವತಿ. ಹಾಸನದಲ್ಲಿ ಹುಟ್ಟಿದ ಆ ಲೇಖಕ ಪರದೇಶದವರಿಗೆ ನಮ್ಮ ದೇವಿಯನ್ನು ತೋರಿಸಿದ್ದು ನಾನು ಹುಟ್ಟುವ ಮೊದಲೇ. ಅದನ್ನು ಬೆಂಗಳೂರಿನವರಿಗೆ ಹೇಳಿದೆ. ಈ ಸಲ ಯಾರೂ ನನ್ನ ಕೈ ಹಿಡಿಯಲಿಲ್ಲ.

ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡು ಹಳ್ಳದ ಬದಿಗೆ ಇಳಿದೆವು. ಅಲ್ಲೊಂದು ಸಾಲು ಲೈನ್ ಮನೆಗಳು. ಗೈಡು ಆ ತೋಟದ ಹೆಸರು ಹೇಳಿದ. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಎರಡು ವರ್ಷ ಹಾಜರಿ ಪುಸ್ತಕದಲ್ಲಿ, ಒಬ್ಬಳ ಹೆಸರಿನ ಮುಂದೆ ವಿಳಾಸವಾಗಿ ನಾನೇ ಬರೆದ ಹೆಸರು ಅದು.

ಸೈಕಲ್ ಸಿಕ್ಕಿದ ಮೇಲೂ ಅವಳು ತಡವಾಗಿಯೇ ಬರುತ್ತಿದ್ದಳು. ಕೇಳಿದರೆ ‘ಏರು ಐತೆ ಮಿಸ್’ ಎನ್ನುತ್ತಿದ್ದಳು. ಏರು ಯಾರಿಗಿಲ್ಲ ಎಂದು ಒಂದು ಪಿರಿಯಡ್ಡು ಹೊರಗೆ ನಿಲ್ಲಿಸುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ರಜೆ ಚೀಟಿ ತಂದಳು, ‘ದಾರಿಯಲ್ಲಿ ಆನೆ ಇದ್ದ ಕಾರಣ’ ಎಂದು ದುಂಡಾದ ಅಕ್ಷರದಲ್ಲಿ. ಅದನ್ನು ನಾನು ತರಗತಿಗೆಲ್ಲ ಕೇಳುವಂತೆ ಓದಿದೆ. ‘ವಾರಕ್ಕೆ ಎರಡು ಸಲ ನಿನಗೊಬ್ಬಳಿಗೇ ಆನೆ ಸಿಗ್ತದಾ?’ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. 2008ರಲ್ಲಿ ಹತ್ತನೇ ತರಗತಿ ಶುರುವಾದ ಮೇಲೆ ಕೆಲವು ವಾರ ಬಂದಳು, ಆಮೇಲೆ ಬರಲಿಲ್ಲ. ಒಂದು ಕಾಗದ ಬರೆದು ಕಳಿಸಿದೆ, ಉತ್ತರವಿಲ್ಲ. ‘ಸರ್ಕಾರ ಸೈಕಲ್ ಕೊಟ್ಟರೂ ಇವರು ಓದಿಸಲ್ಲ ಅಂದ್ರೆ ಏನು ಮಾಡೋದು’ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದೂ ನಾನೇ. ಬಸ್ಸು ಹೋಗುವ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆ ಮನೆಗೆ ಒಂದು ಸಲವೂ ಹೋಗಿರಲಿಲ್ಲ.

ಲೈನ್ ಮನೆಗಳ ಮುಂದೆ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದೆ. ಅವರು ಅಸ್ಸಾಮಿನವರು. ನನ್ನ ಕನ್ನಡಕ್ಕೆ ನಕ್ಕು ತಲೆ ಅಲ್ಲಾಡಿಸಿದರು. ಕೊನೆಯ ಮನೆಯಲ್ಲೊಬ್ಬ ಮುದುಕ ಇದ್ದ, ಹಳೆಯ ಆಳು. ಹುಡುಗಿಯ ಹೆಸರು ಹೇಳಿದೆ.

‘ಅವ್ರು ಇಲ್ಲಿಂದ ಹೋಗಿ ಬಾಳಾ ವರ್ಷ ಆತು ಅಮ್ಮಾರೇ. ಕೊಡಗಿನ್ ಕಡೆ ಹೋದ್ರು. ಹುಡುಗೀನ ಅದಕ್ಕೂ ಮೊದ್ಲೇ ಕೊಟ್ರು. ಯಾವೂರಿಗೋ ಕಾಣೆ.’

‘ಸ್ಕೂಲು ಯಾಕೆ ಬಿಡಿಸಿದ್ರು?’

ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದ. ‘ಆನೆ ಈ ಏರಲ್ಲೇ ದಾಟ್ತಿದ್ವಲ್ಲ. ಒಬ್ಳೇ ಹೆಣ್ಮಗಳು, ಸೈಕಲ್ ತಳ್ಕಂಡು. ಅವರಪ್ಪ ದಿನಾ ಹಿಂದೆ ಬರೋಕೆ ಆಗ್ತದಾ? ಕೂಲಿ ಹೋಗ್ತದೆ.’ ಸ್ವಲ್ಪ ಹೊತ್ತು ಬಿಟ್ಟು, ‘ಆ ಸೈಕಲ್ಲು ಗಟ್ಟಿ ಇತ್ತು. ಅವ್ರು ಹೋದ್ಮೇಲೂ ಸೌದೆ ಹೇರ್ತಿದ್ವಿ’ ಎಂದ.

ಎಲ್ಲರೂ ಏರು ಹತ್ತತೊಡಗಿದ್ದರು. ನಾನು ಅತಿ ಸಣ್ಣ ಗೇರಿಗೆ ಹಾಕಿ ತುಳಿದೆ. ಮೊದಲ ತಿರುವಿಗೇ ಎದೆ ಬಾಯಿಗೆ ಬಂತು, ಇಳಿದು ತಳ್ಳತೊಡಗಿದೆ. ಎರಡೂ ಕಡೆ ತೋಟದ ಕತ್ತಲು. ಮಣ್ಣಿನ ಮೇಲೆ ಬುಟ್ಟಿಯಷ್ಟಗಲದ ಹೆಜ್ಜೆ, ಅದರ ಪಕ್ಕ ಇನ್ನೂ ಹಸಿಯಾಗಿದ್ದ ಲದ್ದಿ. ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಕೆಲಸದವರು ಮರಗಸಿ ಮಾಡುತ್ತಿದ್ದರಂತೆ, ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಮಾತ್ರ ಕೈ ತಣ್ಣಗಾಯಿತು. ಹಿಂದೆ ಬರುತ್ತಿದ್ದ ವ್ಯಾನಿನ ಡ್ರೈವರು, ‘ಹತ್ತಿ ಮೇಡಂ’ ಎಂದು ಎರಡು ಸಲ ಕರೆದ. ಬೇಡ ಎಂದೆ. ಗಡಿಯಾರ ನೋಡಿಕೊಂಡು ತಳ್ಳಿದೆ. ಟಾರು ರಸ್ತೆ ಮುಟ್ಟುವ ಹೊತ್ತಿಗೆ ಮೂವತ್ತೆರಡು ನಿಮಿಷ. ನನ್ನ ಸೈಕಲ್ಲಿಗೆ ಇಪ್ಪತ್ತೊಂದು ಗೇರು, ಹೆಗಲಲ್ಲಿ ಪುಸ್ತಕದ ಚೀಲವಿಲ್ಲ. ಅವಳು ಸಾಮಾನ್ಯವಾಗಿ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದಳು.

ಮೇಲೆ ಎಲ್ಲರೂ ಕಲ್ಲಿನ ಮೇಲೆ ಕೂತು ಪರಂಗಿ ಹಣ್ಣು ತಿನ್ನುತ್ತಿದ್ದರು. ಅಕ್ಕನ ಮಗಳು ಓಡಿಬಂದು ಸೈಕಲ್ ಹಿಡಿದುಕೊಂಡಳು. ‘ಯಾಕೆ ಚಿಕ್ಕಮ್ಮ, ಮುಖ ಹೀಗಾಗಿದೆ? ವ್ಯಾನ್ ಹತ್ತಬಾರದಿತ್ತಾ?’

ನನಗೆ ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಗೈಡನ್ನು ಕೇಳಿದೆ, ‘ಈ ದಾರೀನ ಸುಲಭ ಅಂತ ಬರೆದಿದ್ದೀರಲ್ಲಪ್ಪ, ಅದು ಹೇಗೆ?’

ಹುಡುಗನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಹಣ್ಣಿನ ತಟ್ಟೆ ನನ್ನ ಮುಂದೆ ಹಿಡಿದು, ‘ಹಿಂದೆ ವ್ಯಾನ್ ಇರುತ್ತಲ್ಲ ಮೇಡಂ’ ಎಂದ.