ಸಮುದ್ರ ಇಲ್ಲದ ಊರಿನ ಲೆಕ್ಕ

ಸಮುದ್ರ ತೀರವೇ ಇಲ್ಲದ ಅಭಿವೃದ್ಧಿಶೀಲ ದೇಶಗಳದ್ದೊಂದು ಪಟ್ಟಿ ವಿಶ್ವಸಂಸ್ಥೆಯಲ್ಲಿದೆ. ಒಟ್ಟು 32 ದೇಶಗಳು. ನೇಪಾಳ, ಮಾಲಿ, ನೈಜರ್, ಮಲಾವಿ ಎಲ್ಲಾ ಅದರಲ್ಲಿವೆ. ಬಂದರು ಮುಟ್ಟಲು ಪಕ್ಕದವರ ರಸ್ತೆ ಬೇಕು, ಬೆಳೆದದ್ದಕ್ಕೆ ರೇಟು ಕಟ್ಟುವವರು ಬೇರೆ ಯಾರೋ. ಕೊನೆಗೆ ಜನರೇ ಹೊರಗೆ ಹೋಗ್ತಾರೆ. ಹೊರದೇಶದಲ್ಲಿ ದುಡಿಯುವವರು ನೇಪಾಳಕ್ಕೆ ಕಳಿಸುವ ಹಣ ಆ ದೇಶದ ಜಿಡಿಪಿಯ ಹತ್ತಿರ ಹತ್ತಿರ ಕಾಲು ಭಾಗ. ಇದನ್ನೆಲ್ಲ ಓದ್ತಾ ನನಗೆ ಅನಿಸಿದ್ದು, ಅರೆ, ಇದು ನಮ್ಮ ಬಳಗಾನೂರಿನ ಕಥೆಯಲ್ವಾ ಅಂತ.

ನಮ್ಮದು ರಾಯಚೂರು ಜಿಲ್ಲೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಮುತ್ತಲಿನ ಊರುಗಳು. ಬಡ ಸೀಮೆ ಅಂದ್ರೆ ಏನೂ ಇಲ್ಲ ಅಂತಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೀತಾರೆ. ಸಿಂಧನೂರಿನ ಸೋನಾ ಮಸೂರಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಕುಕ್ಕರ್‌ನಲ್ಲಿ ದಿನಾ ಬೇಯುತ್ತೆ. ಆದರೂ 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿ ಮಾಡಿದಾಗ ಅದರಲ್ಲಿ ರಾಯಚೂರಿತ್ತು. ಹಿಂದುಳಿದ ಜಿಲ್ಲೆಗೆ ಇಟ್ಟ ಚೆಂದದ ಹೆಸರು ಅದು, ಅಷ್ಟೇ.

ನಮ್ಮ ಕಡೆಯ ಸಮುದ್ರ ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆ. ಹೊಸಪೇಟೆ ಹತ್ತಿರದ ಡ್ಯಾಮಿನಿಂದ ಹೊರಟ ನೀರು ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ಕಡೆ ಬರಬೇಕು. ಈ ಕಾಲುವೆಯ ಬಹುಪಾಲು ನೀರನ್ನು ಯೋಜಿಸಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಮೇಲಿನವರು ನೆಲ್ಲು ಹಚ್ಚಿದರು, ದುಡ್ಡು ಕಂಡರು. ಅವರನ್ನು ನೋಡಿ ಕೆಳಗಿನವರೂ ಹಚ್ಚಿದರು. ಅವರದು ತಪ್ಪು ಅಂತ ಹೇಳಲ್ಲ, ಜೋಳಕ್ಕೆ ಯಾರು ಎಷ್ಟು ಕೊಡ್ತಾರೆ? ಆದರೆ ಕೊನೆಭಾಗಕ್ಕೆ ನೀರು ಮುಟ್ಟೋದು ಮಾತ್ರ ಪ್ರತಿವರ್ಷದ ಜಗಳ. ಡ್ಯಾಮಿನಲ್ಲಿ ಹೂಳು ಬೇರೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿದ್ದದ್ದು ಈಗ 105ರ ಆಸುಪಾಸು.

2023ರಲ್ಲಿ ಬರ ಬಿತ್ತು. ಅದೇ ಜುಲೈ 20ರಂದು ಕೇಂದ್ರ ಬಿಳಿ ಅಕ್ಕಿ ರಫ್ತು ನಿಲ್ಲಿಸಿತು. ಅಮೆರಿಕದ ಇಂಡಿಯನ್ ಸ್ಟೋರ್‌ಗಳಲ್ಲಿ ಸೋನಾ ಮಸೂರಿ ಚೀಲಕ್ಕೆ ಜನ ಮುಗಿಬಿದ್ದ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ಆ ವರ್ಷ ನಮ್ಮ ಕಡೆ ರೇಟಿತ್ತು, ಆದರೆ ಎರಡನೇ ಬೆಳೆಗೆ ನೀರಿರಲಿಲ್ಲ. ಮರುವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಅಪ್ಪ ಬೆಳಗಿನವರೆಗೆ ಮಲಗಲಿಲ್ಲ. ವಾರದಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು, ಪುಣ್ಯಕ್ಕೆ ಮತ್ತೆ ಮಳೆಯೂ ಬಂತು. ಬೆಳೆ ಚೆನ್ನಾಗಿ ಬಂತು, ರೇಟು ಬಿತ್ತು. ನಮ್ಮಲ್ಲಿ ನೆಲ್ಲನ್ನು 75 ಕೆಜಿ ಚೀಲದ ಲೆಕ್ಕದಲ್ಲಿ ಮಾರ್ತಾರೆ. ಗೊಬ್ಬರಕ್ಕೆ ಸಾಲ ಕೊಟ್ಟ ದಲಾಲಿ ಅಂಗಡಿಗೇ ಚೀಲ ಹಾಕಬೇಕು. ರೇಟು ಏರುವವರೆಗೆ ಕಾಯ್ತೀನಿ ಅನ್ನೋಕೆ ಆಗಲ್ಲ.

ಹೊಲ ಇದ್ದವರ ಪಾಡೇ ಇದು. ಕಾಲುವೆ ನಿಂತರೆ ನಾಟಿ ಇಲ್ಲ, ಕಳೆ ಇಲ್ಲ, ಕೂಲಿ ಇಲ್ಲ. ಮೊದಲು ಊರು ಬಿಡುವವರು ಹೊಲ ಇಲ್ಲದವರು. ನಮ್ಮ ಓಣಿಯಲ್ಲಿ ಪ್ರತಿವರ್ಷ ಕೆಲವು ಮನೆಗೆ ಬೀಗ. ಮುದುಕರು ಉಳೀತಾರೆ, ಮಕ್ಕಳು ಶಾಲೆ ಅರ್ಧಕ್ಕೆ ಬಿಟ್ಟು ಅಪ್ಪ ಅಮ್ಮನ ಜೊತೆ ಗುಳೆ ಹೋಗ್ತಾರೆ. ನನ್ನ ಆಫೀಸಿನ ಹಿಂದೆ ಏಳುತ್ತಿರುವ ಟವರಿನ ಕೆಳಗೆ ತಗಡಿನ ಶೆಡ್‌ಗಳಿವೆ. ಚಹಾ ಕುಡಿಯೋಕೆ ಹೋದಾಗ ‘ಯಾವೂರ್ ಅಣ್ಣಾ ನಿಮ್ದು’ ಅಂತ ನಮ್ಮ ಮಾತಿನಲ್ಲೇ ಕೇಳಿದವನು ಮಸ್ಕಿಯವನು.

ನಾನೂ ಗುಳೆ ಬಂದವನೇ, ಐಡಿ ಕಾರ್ಡ್ ಇದೆ ಅಷ್ಟೇ. 371(ಜೆ) ಮೀಸಲಾತಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟು ನಮ್ಮ ಸೀಮೆಯ ಪಾಲಿನದು, ಕೆಲಸ ಬೆಂಗಳೂರಿನದು. ತಿಂಗಳ ಮೊದಲ ವಾರ ಫೋನ್‌ಪೇ ಮಾಡ್ತೀನಿ. ನಮ್ಮ ಮನೆಯ ಜಿಡಿಪಿಯಲ್ಲಿ ನನ್ನ ಪಾಲು ನೇಪಾಳಕ್ಕಿಂತ ಜಾಸ್ತಿ. ಅದರಲ್ಲಿ ಬಹುಪಾಲು ದಲಾಲಿ ಅಂಗಡಿಯ ಬಡ್ಡಿಗೆ ಹೋಗುತ್ತೆ. ಅಂದ್ರೆ ಕೋಡ್ ಬರೆದು ನೆಲ್ಲು ಸಾಕ್ತಿದ್ದೀನಿ.

ಹೊಲ ಲೀಜಿಗೆ ಕೊಟ್ಟು ಇಲ್ಲಿಗೆ ಬಂದ್ಬಿಡಿ ಅಂತ ಎರಡು ವರ್ಷದಿಂದ ಹೇಳ್ತಿದ್ದೀನಿ. ಅಮ್ಮ ಅರ್ಧ ಒಪ್ಪಿದ್ದಾಳೆ. ಅಪ್ಪನದು ಒಂದೇ ಮಾತು: ‘ಅಲ್ಲಿ ಬಂದು ನಾ ಏನ್ ಮಾಡ್ಲಿ? ಲಿಫ್ಟಿನ್ಯಾಗ ಹತ್ತಾದು ಇಳಿಯಾದಾ?’ ಜಾಸ್ತಿ ಒತ್ತಾಯ ಮಾಡೋಕೂ ನನಗೆ ಮನಸ್ಸಿಲ್ಲ. ಆ ಹೊಲ ಹೋದರೆ ಊರಿಗೆ ಹೋಗೋಕೆ ನನಗಾದರೂ ಏನು ಕಾರಣ ಉಳೀತದೆ?

ಹೋದ ವಾರ ಫೋನಿನಲ್ಲಿ ಮುಂದಿನ ಸಲದ ಲೆಕ್ಕ ಹೇಳ್ತಿದ್ದ. ಎರಡು ಎಕರೆಗೆ ಮಾತ್ರ ನೆಲ್ಲು, ಉಳಿದದ್ದಕ್ಕೆ ಜೋಳ. ಜೋಳದಲ್ಲಿ ಏನು ಸಿಗುತ್ತೆ ಅಂದೆ.

‘ರೊಕ್ಕ ಬರದಿದ್ರ ಬ್ಯಾಡ ತಮ್ಮಾ, ಎಮ್ಮಿಗೆ ಮೇವರ ಆಗತೈತಿ.’